ನಿಮ್ಮ ಬಾಗಿಲ ಮುಂದೆ ನಿಂತವರು

ನನ್ನ ಕೆಲಸ ಏನೆಂದು ನಾಲ್ಕು ಜನರಿಗೆ ಹೇಳಲು ಅಮ್ಮನಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಕೇಳಿದರೆ "ಏನೋಪ್ಪ, ಜನ ಫೋನಲ್ಲಿ ಜಗಳ ಆಡೋದನ್ನ ಕೂತ್ಕೊಂಡು ಓದ್ತಾಳೆ, ಅದಕ್ಕೆ ಸಂಬಳ ಕೊಡ್ತಾರೆ" ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನಮ್ಮ ಯಜಮಾನರಿಗಿಂತ ಅಮ್ಮನೇ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಳು.

ನಮ್ಮದು ಬಾಗಿಲಿನ ಸಾಮಾನು ಮಾಡುವ ಕಂಪನಿ. ಚಿಲಕ, ಅಗುಳಿ, ಬೀಗ, ಬಿಜಾಗರಿ, ಕರೆಗಂಟೆ, ಇಂಥವು. ಒಂದು ಕಾಲದಲ್ಲಿ ಯಜಮಾನರು ತಮ್ಮ ಮನಸ್ಸಿಗೆ ತೋಚಿದ್ದನ್ನೆಲ್ಲ ಮಾಡಿಸುತ್ತಿದ್ದರು. ಹಾಗೆ ಮಾಡಿಸಿದ ಸಿಂಹದ ಮುಖದ ಹಿತ್ತಾಳೆ ಹಿಡಿಗಳು ಗೋದಾಮಿನಲ್ಲಿ ಈಗಲೂ ಬಾಯಿ ತೆರೆದುಕೊಂಡು ಕೂತಿವೆ, ಕೇಳುವವರಿಲ್ಲ. ಆಮೇಲೆ ಅವರಿಗೆ ಬುದ್ಧಿ ಬಂತು. ಅಂದಿನಿಂದ ಯಾವುದೇ ಹೊಸ ವಸ್ತುವಿಗೆ ಅಚ್ಚು ಹಾಕಿಸುವ ಮುಂಚೆ ಅದರ ಸುತ್ತ ಒಂದು ಪೋಸ್ಟ್ ಹರಿಬಿಡುತ್ತಿದ್ದೆವು. ಜನ ಎಷ್ಟು ಮಾತಾಡುತ್ತಾರೆ, ಎಷ್ಟು ಹಂಚಿಕೊಳ್ಳುತ್ತಾರೆ, ಎಷ್ಟು ಹೊತ್ತು ಅದಕ್ಕೇ ಅಂಟಿಕೊಂಡಿರುತ್ತಾರೆ ಎಂದು ನೋಡುತ್ತಿದ್ದೆವು. ಆ ಸದ್ದನ್ನು ಅಳೆದು, ಈ ವಸ್ತು ಮಾಡಿಸಿ ಅಥವಾ ಬೇಡ ಎಂದು ಹೇಳುತ್ತಿದ್ದವಳು ನಾನು.

ಇದರಲ್ಲಿ ಒಂದು ಗುಟ್ಟಿದೆ. ಪೋಸ್ಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಜನ ಗಿರಾಕಿಗಳ ಹಾಗೆ ಮಾತಾಡುತ್ತಾರೆ. ಬೆಲೆ ಎಷ್ಟು, ಗ್ಯಾರಂಟಿ ಇದೆಯಾ, ಹೋದ ಸಲ ತಂದ ಬೀಗ ತುಕ್ಕು ಹಿಡಿಯಿತಲ್ಲ, ಹೀಗೆ. ಹೆಸರು ಹಾಕದಿದ್ದರೆ ಮನುಷ್ಯರ ಹಾಗೆ ಮಾತಾಡುತ್ತಾರೆ. ಆದ್ದರಿಂದ ಪರೀಕ್ಷೆಗೆಂದೇ ನಾವು ಕೆಲವು ಬೇನಾಮಿ ಪೇಜುಗಳನ್ನು ಸಾಕಿಕೊಂಡಿದ್ದೆವು. 'ನಮ್ಮ ಬೀದಿ' ಅದರಲ್ಲೊಂದು. ನೀರು ಬರಲಿಲ್ಲ, ಬೆಕ್ಕು ಕಳೆದಿದೆ, ಮೇಲಿನ ಮಹಡಿ ಬಾಡಿಗೆಗಿದೆ ಎಂದು ಊರಿನವರು ಬರೆದುಕೊಳ್ಳುವ ಜಾಗ. ಅದರ ಹಿಂದೆ ಚಿಲಕದ ಕಂಪನಿಯೊಂದು ಕೂತು ಕಿವಿ ಕೊಟ್ಟಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಈ ಸಲದ ವಸ್ತು ಬಾಗಿಲಿಗೆ ಹಾಕುವ ಪುಟ್ಟ ಕ್ಯಾಮೆರಾ. ಮುಂದೆ ಯಾರಾದರೂ ಬಂದು ನಿಂತರೆ ಮನೆಯವರ ಫೋನಿಗೆ ಅವರ ಮುಖ ಬರುತ್ತದೆ. ಮೊದಲ ಪೋಸ್ಟಿನಲ್ಲಿ ಅದರ ಚಂದದ ಚಿತ್ರ ಹಾಕಿದೆವು. ನಾಯಿಯೂ ಮೂಸಲಿಲ್ಲ. ಯಜಮಾನರು ಮುಖ ಊದಿಸಿಕೊಂಡು ಓಡಾಡಿದರು. ಆಗ 'ನಮ್ಮ ಬೀದಿ'ಗೆ ಎರಡನೆಯದನ್ನು ನಾನು ಬರೆದೆ. ಅದರಲ್ಲಿ ಕ್ಯಾಮೆರಾದ ಸುದ್ದಿಯೇ ಇಲ್ಲ. ನಮ್ಮಲ್ಲಿ ಚಿತ್ರ ಮಾಡುವವನೊಬ್ಬನಿದ್ದ, ಎಲ್ಲರೂ ಅವನನ್ನು ಬಣ್ಣ ಎಂದೇ ಕರೆಯುತ್ತಿದ್ದರು. ಅವನು ಮುಚ್ಚಿದ ಬಾಗಿಲೊಂದನ್ನು, ಅದರ ಮೇಲೆ ಬಿದ್ದ ಉದ್ದನೆಯ ನೆರಳನ್ನು ಮಾಡಿಕೊಟ್ಟ. ಕೆಳಗೆ ನನ್ನ ಸಾಲುಗಳು: 'ನೀವು ಮನೆಯಲ್ಲಿ ಇಲ್ಲದಾಗ ನಿಮ್ಮ ಬಾಗಿಲ ಮುಂದೆ ನಿಂತವರು ಯಾರು? ನಿಮ್ಮ ಬೀದಿಯಲ್ಲಿ ಗುರುತಿಲ್ಲದ ಮುಖ ಕಂಡರೆ ಫೋಟೋ ಹಾಕಿ, ಎಲ್ಲರಿಗೂ ತಿಳಿಸಿ.'

"ಚೆನ್ನಾಗಿದೆ ಕಣೇ. ಓದಿದ ತಕ್ಷಣ ನಂಗೇ ಒಂದ್ಸಲ ಹಿಂದೆ ತಿರುಗಿ ನೋಡ್ಬೇಕು ಅನ್ನಿಸ್ತು" ಎಂದ ಬಣ್ಣ. ನನಗೆ ಹೆಮ್ಮೆಯೇ ಆಯಿತು.

ಸದ್ದು ಎದ್ದಿತು ನೋಡಿ! ಬೆಳಿಗ್ಗೆ ಹಾಕಿದ್ದು ಊಟದ ಹೊತ್ತಿಗೆ ಊರೆಲ್ಲ ಸುತ್ತಿತ್ತು. ಮೊದಮೊದಲು ನಗು ಬರುವಂಥವೇ ಬಂದವು. ಸಿಲಿಂಡರ್ ಹೊತ್ತು ತಂದವನ ಫೋಟೋ. ಗೆಳತಿಗಾಗಿ ಕಾಯುತ್ತ ಕಾರಿನ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದವನ ಫೋಟೋ. ಒಬ್ಬಾಕೆ ತನ್ನ ನಾದಿನಿಯ ಫೋಟೋ ಹಾಕಿ 'ಮದುವೆಯಾಗಿ ಇಷ್ಟು ವರ್ಷವಾದರೂ ಇವಳು ಯಾರೆಂದು ನನಗೆ ತಿಳಿದಿಲ್ಲ' ಎಂದು ಬರೆದಿದ್ದಳು. ನಾನು, ಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾರನೆಯ ದಿನದಿಂದ ಬೇರೆ ಬಗೆಯವು ಶುರುವಾದವು. ಸೀಮೆಸುಣ್ಣದಲ್ಲಿ ಬಾಗಿಲಿಗೆ ಗುರುತು ಹಾಕಿ ಹೋಗುತ್ತಾರಂತೆ. ಮುದುಕರ ವೇಷದಲ್ಲಿ ಬರುತ್ತಾರಂತೆ. ಪಕ್ಕದ ಬೀದಿಯಲ್ಲಿ ಮಗುವನ್ನು ಎತ್ತಿಕೊಂಡು ಹೋಗಲು ನೋಡಿದರಂತೆ. ಯಾರ ಮಗು ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ, ಆದರೂ ಕೇಳಿದವರೇ ಅದನ್ನು ಇನ್ನಷ್ಟು ಜನರಿಗೆ ಕಳಿಸಿದರು. ಗಾಳಿಮಾತಿಗೆ ರೆಕ್ಕೆಪುಕ್ಕ ಹುಟ್ಟಿತ್ತು.

ನಮ್ಮ ಅಳತೆಯ ತಂತ್ರಾಂಶಕ್ಕೆ ಖುಷಿಯೂ ಒಂದೇ, ಹೆದರಿಕೆಯೂ ಒಂದೇ. ಎಷ್ಟು ಜನ, ಎಷ್ಟು ಹೊತ್ತು, ಅಷ್ಟು ಗೊತ್ತಾದರೆ ಅದಕ್ಕೆ ಸಾಕು. ಹೆಚ್ಚು ಸದ್ದು ಮಾಡಿದ್ದನ್ನು ಹಸಿರು ಬಣ್ಣ ಬಳಿದು ಎಲ್ಲಕ್ಕಿಂತ ಮೇಲೆ ಕೂರಿಸುತ್ತದೆ. ನಕ್ಕವನು ನಕ್ಕು ಮುಂದೆ ಹೋಗುತ್ತಾನೆ, ಹೆದರಿದವನು ಮತ್ತೆ ಮತ್ತೆ ಬಂದು ಇಣುಕುತ್ತಾನೆ. ಹೀಗಾಗಿ ನನ್ನ ಸ್ಕ್ರೀನಿನ ಮೇಲೆ ಹಸಿರಾಗಿದ್ದವೆಲ್ಲ ಹೆದರಿಕೆಯ ಪೋಸ್ಟುಗಳೇ. ಅದನ್ನು ನೋಡಿ ನೋಡಿ ನನಗೇ ಮನೆಗೆ ಹೋಗುವಾಗ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸತೊಡಗಿತು.

ಯಜಮಾನರ ಕೋಣೆಗೆ ಹೋದೆ. "ಸರ್, ಇದು ಯಾಕೋ ಕೈ ಮೀರ್ತಾ ಇದೆ. ತೆಗೆದುಬಿಡೋಣ್ವಾ?"

ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ತೂಕ ಹಾಕ್ತಿರೋವಾಗ ತಕ್ಕಡೀಗೆ ಕೈ ಹಾಕ್ತಾರೇನಮ್ಮ? ನೀನೇ ತಾನೆ ನಂಗೆ ಹೇಳಿಕೊಟ್ಟಿದ್ದು, ನಡುವೆ ಮುಟ್ಟಿದ್ರೆ ಅಳತೆ ಕೆಡತ್ತೆ ಅಂತ. ವಾರ ಮುಗೀಲಿ. ನಾವೇನು ಸುಳ್ಳು ಹೇಳಿದ್ವಾ? ಒಂದು ಪ್ರಶ್ನೆ ಕೇಳಿದ್ವಿ, ಅಷ್ಟೇ."

ಹೇಳಿಕೊಟ್ಟಿದ್ದು ನಾನೇ, ಹೌದು. ವಾಪಸ್ ಬಂದು ಕೂತೆ.

ಮಧ್ಯಾಹ್ನದ ಚಹಾ ಮುಗಿಸಿ ಪೋಸ್ಟುಗಳನ್ನು ವಿಂಗಡಿಸುತ್ತಿದ್ದೆ. ಹಸಿರು ಸಾಲಿನ ತುದಿಯಲ್ಲಿ ಹೊಸದೊಂದು ಬಂದು ಕೂತಿತ್ತು. ಮಹಡಿಯ ಮೇಲಿನಿಂದ ತೆಗೆದ ಫೋಟೋ. ಒಬ್ಬ ಮನುಷ್ಯ ಯಾರದೋ ಬಾಗಿಲಿನ ಚೌಕಟ್ಟಿಗೆ ಅಂಗೈ ಒತ್ತಿ, ತಲೆ ಬಗ್ಗಿಸಿ ನಿಂತಿದ್ದಾನೆ. ಹೆಗಲಲ್ಲಿ ಬಟ್ಟೆಯ ಚೀಲ. ಮುಖ ಕಾಣುವುದಿಲ್ಲ. ಕೆಳಗೆ ಬರೆದಿತ್ತು: 'ಈ ವಾರದಲ್ಲಿ ಇವನು ಬರುತ್ತಿರುವುದು ಇದೇ ಮೊದಲಲ್ಲ. ಬಾಗಿಲುಗಳನ್ನು ಸವರಿ ನೋಡುತ್ತಾನೆ. ಯಾರು ನೀನು ಎಂದು ಕೂಗಿದರೆ ತಿರುಗಿಯೂ ನೋಡದೆ ಹೋಗುತ್ತಾನೆ.' ಅದರ ಕೆಳಗಿನ ಮೊದಲ ಕಾಮೆಂಟು: 'ಸಿಕ್ಕರೆ ಬಿಡಬೇಡಿ.'

ಎಡಗಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ ಆ ನಿಲುವು, ಹಿಂದೆ ಬೋಳಾದ ಆ ತಲೆ. ಅದು ನನ್ನ ಅಪ್ಪ.

ಅಪ್ಪ ಬಡಗಿ. ಬಾಗಿಲು ಬಿಟ್ಟು ಬೇರೇನನ್ನೂ ಅಷ್ಟು ಪ್ರೀತಿಯಿಂದ ಮಾಡಿದವನಲ್ಲ. ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಊರಲ್ಲಿ ತಾನು ಮಾಡಿ ನಿಲ್ಲಿಸಿದ ಬಾಗಿಲುಗಳನ್ನು ನೋಡಿಕೊಂಡು ಬರುವುದು ಅವನ ಸಂಜೆಯ ತಿರುಗಾಟ. ಮರ ಬಿರುಕು ಬಿಟ್ಟಿದೆಯಾ, ಬಿಜಾಗರಿ ಕಿರುಗುಟ್ಟುತ್ತದಾ ಎಂದು ಸವರಿ ನೋಡುತ್ತಾನೆ, ಒಣಗಿದ್ದರೆ ಒಂದು ತೊಟ್ಟು ಎಣ್ಣೆ ಬಿಟ್ಟು ಬರುತ್ತಾನೆ. "ಹೆಣ್ಣುಮಕ್ಕಳನ್ನ ಕೊಟ್ಟ ಮನೆಗೂ ಯಾರೂ ಇಷ್ಟು ಸಲ ಹೋಗಲ್ಲ" ಎಂದು ಅಮ್ಮ ರೇಗಿಸುತ್ತಾಳೆ. ಬದುಕೆಲ್ಲ ಗರಗಸದ ಯಂತ್ರದ ಪಕ್ಕ ನಿಂತು ಅಪ್ಪನ ಕಿವಿ ಹೋಗಿದೆ. ನಾನು ಕೊಡಿಸಿದ ಕಿವಿಯ ಯಂತ್ರ ಕೀಂಯ್ ಎನ್ನುತ್ತದೆ ಎಂದು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಯಾರು ಕೂಗಿದರೂ ಅವನು ತಿರುಗಿ ನೋಡದೇ ಇರುವುದು ಅದಕ್ಕೆ.

ಮನೆಗೆ ಫೋನ್ ಮಾಡಿದೆ. "ಅಮ್ಮ, ಅಪ್ಪ ಎಲ್ಲಿ?"

"ಎಲ್ಲಿರ್ತಾರೆ, ಚಹಾ ಕುಡಿದು ಸವಾರಿ ಹೊರಡ್ತು. ಯಾಕೆ?"

"ಯಾವ ಕಡೆ ಅಂದ್ರು?"

"ನಂಗೆ ಹೇಳಿ ಹೋಗೋರಾ ಅವ್ರು? ಏನಾಯ್ತೇ? ನಿನ್ನ ದನಿ ಯಾಕೆ ಹಾಗಿದೆ?"

"ಏನಿಲ್ಲಮ್ಮ" ಎಂದು ಇಟ್ಟೆ. ಅಪ್ಪನ ಫೋನಿಗೆ ಮಾಡಿದೆ. ಅದು ಹೊಡೆದುಕೊಂಡೇ ಇತ್ತು. ಚೀಲದ ತಳದಲ್ಲಿ ಅದು ಒದ್ದಾಡುವುದು, ಅಪ್ಪ ಏನೂ ಕೇಳದೆ ನಿಧಾನವಾಗಿ ನಡೆಯುತ್ತಿರುವುದು ಕಣ್ಣಿಗೆ ಕಟ್ಟಿತು.

ಆಗ ನಾನೊಂದು ತಪ್ಪು ಮಾಡಿದೆ. ಈ ಕೆಲಸ ಗೊತ್ತಿದ್ದ ನಾನು ಮಾಡಲೇಬಾರದಿದ್ದ ತಪ್ಪು. ನನ್ನ ಸ್ವಂತ ಹೆಸರಿನಿಂದ ಆ ಫೋಟೋದ ಕೆಳಗೆ ಬರೆದೆ: 'ಇವರು ನನ್ನ ಅಪ್ಪ. ಬಡಗಿ. ಕಿವಿ ಕೇಳುವುದಿಲ್ಲ. ದಯವಿಟ್ಟು ಏನೂ ಮಾಡಬೇಡಿ.' ಕಣ್ಣು ಮಿಟುಕಿಸುವುದರೊಳಗೆ ಉತ್ತರಗಳ ಸುರಿಮಳೆ. 'ಎಲ್ಲ ಕಳ್ಳರಿಗೂ ಮಗಳಿರುತ್ತಾಳೆ.' 'ಇವಳೂ ಅದೇ ಗುಂಪಿನವಳು.' 'ಕಿವುಡನಂತೆ, ಹೊಸ ವೇಷ.' ಒಂದೊಂದು ಉತ್ತರ ಬಿದ್ದ ಹಾಗೂ ಆ ಪೋಸ್ಟು ಇನ್ನಷ್ಟು ಜನರ ಫೋನಿನಲ್ಲಿ ಮೇಲೆ ಬರುತ್ತದೆ. ಮಾತು ಹೆಚ್ಚಾದಷ್ಟೂ ಮೇಲೆ ಬರುತ್ತದೆ ಎಂಬುದನ್ನು ಹೊಸಬರಿಗೆ ಪಾಠ ಹೇಳುವವಳು ನಾನೇ. ನನ್ನ ಕೈಯಾರೆ ಅಪ್ಪನ ಫೋಟೋವನ್ನು ಊರಿಗೆಲ್ಲ ಎತ್ತಿ ತೋರಿಸಿದ್ದೆ.

"ಪೇಜೇ ಅಳಿಸಿಬಿಡು" ಎಂದ ಬಣ್ಣ. ಅವನೂ ಎದ್ದು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದ. "ಯಜಮಾನ್ರು ಏನಾದ್ರೂ ಅಂದ್ಕೊಳ್ಲಿ. ಅಳಿಸು ಮೊದ್ಲು."

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಹೊಸ ಕಾಮೆಂಟು ಬಂತು: 'ಈಗ ತಾನೆ ನೋಡಿದೆ. ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾನೆ.'

ಕೈ ಅಲ್ಲೇ ನಿಂತಿತು. ಅಪ್ಪ ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಗೊತ್ತಿರುವುದು ಅವನನ್ನು ಬೆನ್ನಟ್ಟುತ್ತಿರುವವರಿಗೆ ಮಾತ್ರ, ಅವರು ಅದನ್ನು ಬರೆಯುತ್ತಿರುವುದು ಇಲ್ಲಿ ಮಾತ್ರ. ಪೇಜನ್ನು ಅಳಿಸಿದರೆ ಅವರು ಹುಡುಕುವುದನ್ನು ನಿಲ್ಲಿಸುವುದಿಲ್ಲ, ಬೇರೆ ಬೇರೆ ಗ್ರೂಪುಗಳಿಗೆ ಆಗಲೇ ಫೋಟೋ ಹೋಗಿತ್ತು. ನನಗೆ ಮಾತ್ರ ದಾರಿ ತಪ್ಪುತ್ತದೆ. ಬೆರಳನ್ನು ಹಿಂದಕ್ಕೆ ತೆಗೆದೆ. ಹಾಗೆ ತೆಗೆಯುವಾಗ ಆದ ಭಯವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಸ್ಕೂಟರ್ ತೆಗಿ" ಎಂದೆ.

ಬಣ್ಣ ಓಡಿಸಿದ, ನಾನು ಹಿಂದೆ ಕೂತು ಫೋನ್ ನೋಡುತ್ತ ದಾರಿ ಹೇಳಿದೆ. ಆಫೀಸುಗಳು ಬಿಡುವ ಹೊತ್ತು, ರಸ್ತೆ ತುಂಬ ಗಾಡಿ. 'ಟ್ಯಾಂಕಿನ ಓಣಿ ದಾಟಿದ.' ಎಡಕ್ಕೆ ತಿರುಗಿದೆವು. 'ಮೂಲೆ ಅಂಗಡಿಯ ಹತ್ತಿರ ನೀರು ಕುಡಿದ. ಅಂಗಡಿಯವರೇ, ಇಂಥವರಿಗೆ ನೀರು ಕೊಡುತ್ತೀರಾ?' ಅಂಗಡಿ ಸಿಕ್ಕಿತು, ಅಪ್ಪ ಇರಲಿಲ್ಲ. ಅಂಗಡಿಯವನು ಶಟರ್ ಅರ್ಧ ಎಳೆದುಕೊಂಡು ಒಳಗೆ ಕೂತಿದ್ದ. ಕೇಳಿದರೆ ಬರೀ ಗದ್ದದಿಂದ ಮುಂದಕ್ಕೆ ತೋರಿಸಿದ. ಮಹಡಿಗಳ ಮೇಲೆ ಜನ ಫೋನ್ ಹಿಡಿದು ನಿಂತಿದ್ದರು. ಒಬ್ಬ ತಾಯಿ ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ದಡಾರನೆ ಬಾಗಿಲು ಹಾಕಿದಳು. ಅವಳ ಮುಖದಲ್ಲಿದ್ದದ್ದು ನಿಜವಾದ ಹೆದರಿಕೆ. ಅದನ್ನು ಅವಳ ಮನೆಗೆ ತಲುಪಿಸಿದವಳು ನಾನು.

'ಸಿಕ್ಕ.' ಒಂದೇ ಪದದ ಕಾಮೆಂಟು. ಕೆಳಗೆ ಹಸಿರು ಬಾಗಿಲೊಂದರ ಫೋಟೋ. 'ಹಳೇ ಅಂಚೆ ಕಚೇರಿಯ ಎದುರು ಓಣಿ. ಎಲ್ಲರೂ ಬನ್ನಿ.'

ಬಣ್ಣನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ. ಅವನು ಏನೋ ಕೂಗಿ ಹೇಳುತ್ತಿದ್ದ, ನನಗೂ ಕಿವಿ ಕೇಳಲಿಲ್ಲ.

ಓಣಿಯ ಬಾಯಲ್ಲೇ ಜನ. ಸ್ಕೂಟರ್ ಬಿಟ್ಟು ನುಗ್ಗಿದೆ. ಮುಂದಿದ್ದವರ ಬೆನ್ನುಗಳು, ತಲೆಯ ಮೇಲೆ ಎತ್ತಿ ಹಿಡಿದ ಫೋನುಗಳು. ಯಾರದೋ ಮೊಣಕೈ ನನ್ನ ಬಾಯಿಗೆ ತಗುಲಿತು. ನಡುವೆ ಹಸಿರು ಬಾಗಿಲಿನ ಮುಂದಿನ ಮೆಟ್ಟಿಲ ಮೇಲೆ ಅಪ್ಪ ಕುಸಿದು ಕೂತಿದ್ದ. ಕನ್ನಡಕ ಇರಲಿಲ್ಲ. ಹುಬ್ಬಿನ ಮೇಲಿಂದ ರಕ್ತ ಇಳಿದು ಅಂಗಿಯ ಕಾಲರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದ. ಚೀಲವನ್ನು ಯಾರೋ ನೆಲದ ಮೇಲೆ ಸುರುವಿದ್ದರು. ಒಂದು ಉಳಿ, ಮರ ಉಜ್ಜುವ ಉಪ್ಪುಕಾಗದದ ತುಂಡು, ಬಟ್ಟೆ, ಎಣ್ಣೆಯ ಪುಟ್ಟ ಶೀಶೆ.

"ಆಯುಧ ಇಟ್ಕೊಂಡಿದಾನೆ ನೋಡಿ" ಎಂದು ಒಬ್ಬ ಉಳಿಯನ್ನು ಫೋನಿಗೆ ತೋರಿಸುತ್ತಿದ್ದ. "ಆ ಶೀಶೆ ಮುಟ್ಬೇಡಿ, ಮಕ್ಕಳಿಗೆ ಮೂಸಿಸೋ ಔಷಧಿ ಇರ್ಬೇಕು" ಎಂದಳು ಒಬ್ಬಾಕೆ. ಅಪ್ಪ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದ, ಅವರು ಏನನ್ನುತ್ತಿದ್ದಾರೆಂದು ತುಟಿಯಿಂದ ಹಿಡಿಯಲು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರ ಬಾಯನ್ನು ನೋಡುತ್ತಾನೆ ಪಾಪ!

"ನಮ್ಮಪ್ಪ! ಇವ್ರು ನಮ್ಮಪ್ಪ! ಬಿಡಿ!" ಅವನಿಗೆ ಅಡ್ಡವಾಗಿ ನಿಂತೆ.

ಕಬ್ಬಿಣದ ಸಲಾಕೆ ಹಿಡಿದವನೊಬ್ಬ ಎದುರಿಗಿದ್ದ. ನೋಡಿದರೆ ಪೋಕರಿಯಲ್ಲ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಇನ್ನೂ ಆಫೀಸಿನ ಗುರುತಿನ ಚೀಟಿ. ಅವನೂ ಹೆದರಿದ್ದ. "ನೀನ್ಯಾರು? ಕಾಮೆಂಟಲ್ಲಿ ಮಗಳು ಅಂತ ಬರೆದೋಳು ನೀನೇನಾ? ಏನು ಸಾಕ್ಷಿ?"

"ಈ ಬಾಗಿಲು ಇವ್ರೇ ಮಾಡಿದ್ದು. ಮನೆಯವರನ್ನ ಕೇಳಿ."

"ಕೇಳಿದ್ವಿ. ಅವ್ರು ಮನೆ ಕೊಂಡು ವರ್ಷ ಆಗಿಲ್ಲ. ಗೊತ್ತಿಲ್ಲ ಅಂದ್ರು." ಹಸಿರು ಬಾಗಿಲು ಒಳಗಿನಿಂದ ಭದ್ರವಾಗಿ ಹಾಕಿಕೊಂಡಿತ್ತು.

"ಕಳ್ಳರೂ ಇಲ್ಲ, ಯಾರೂ ಇಲ್ಲ! ಆ ಪೋಸ್ಟ್ ಬರೆದೋಳು ನಾನೇ, ಕಂಪನಿಗೋಸ್ಕರ..." ನನ್ನ ಮಾತು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. "ಇವಳೂ ಅದೇ ಗ್ಯಾಂಗು" ಎಂದು ಹಿಂದಿನಿಂದ ಒಂದು ದನಿ ಬಂತು. ಸಲಾಕೆ ಸ್ವಲ್ಪ ಮೇಲಕ್ಕೆದ್ದಿತು. ಒಂದು ಕಲ್ಲು ಬಂದು ನನ್ನ ಭುಜಕ್ಕೆ ತಾಗಿತು. ಇವತ್ತು ನಾವಿಬ್ಬರೂ ಇಲ್ಲೇ ಮುಗಿಯುತ್ತೇವೆ ಎಂದುಕೊಂಡೆ, ಅಮ್ಮನಿಗೆ ಯಾರು ಹೇಳುತ್ತಾರೆ ಎಂದುಕೊಂಡೆ.

ಆಗ ನನಗೆ ಹೊಳೆದದ್ದು ನನ್ನ ಕಸುಬಿನ ಬುದ್ಧಿಯೇ. ಎದುರು ನಿಂತು ಬಡಿದುಕೊಳ್ಳುವ ಹೆಂಗಸನ್ನು ಇವರು ನಂಬುವುದಿಲ್ಲ. ಪೇಜನ್ನು ನಂಬುತ್ತಾರೆ. ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತೆ. ಅವನ ಹೆಗಲ ಮೇಲೆ ಕೈ ಹಾಕಿ, ಕೆನ್ನೆಗೆ ಕೆನ್ನೆ ಒತ್ತಿ, ಫೋನನ್ನು ಮುಂದೆ ಚಾಚಿ ಇಬ್ಬರದೂ ಫೋಟೋ ತೆಗೆದೆ. ಅವನ ರಕ್ತ ನನ್ನ ಕೆನ್ನೆಗೆ ಬೆಚ್ಚಗೆ ಅಂಟಿತು. ಅಂಥ ಹೊತ್ತಿನಲ್ಲೂ ಅಪ್ಪ, ಫೋಟೋ ಎಂದು ಕಂಡದ್ದಕ್ಕೋ ಏನೋ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. 'ನಮ್ಮ ಬೀದಿ' ಪೇಜಿನ ಒಡತಿಯಾಗಿ ಬರೆಯತೊಡಗಿದೆ. ಒಂದೊಂದು ಅಕ್ಷರಕ್ಕೂ ಒದ್ದಾಡಿದೆ. 'ನಮ್ಮ ಬೀದಿಯ ಸೂಚನೆ: ಚಿತ್ರದಲ್ಲಿರುವ ಹಿರಿಯರು ಬಡಗಿ, ನಿರಪರಾಧಿ, ಕಿವಿ ಕೇಳುವುದಿಲ್ಲ. ಜೊತೆಗಿರುವವಳು ಅವರ ಮಗಳು. ಊರಿನಲ್ಲಿ ಯಾವ ಮಗುವನ್ನೂ ಯಾರೂ ಕದ್ದಿಲ್ಲ. ನಮ್ಮ ಪ್ರಶ್ನೆ ಬಾಗಿಲ ಕ್ಯಾಮೆರಾ ಮಾರುವ ಮುಂಚಿನ ಪರೀಕ್ಷೆ. ದಯವಿಟ್ಟು ಅವರನ್ನು ಮನೆಗೆ ಹೋಗಲು ಬಿಡಿ.' ಹಾಕಿದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಲ್ಲರ ಕೈಯಲ್ಲಿ, ಜೇಬಿನಲ್ಲಿ, ಕೈಚೀಲದಲ್ಲಿ ಫೋನುಗಳು ಒಟ್ಟಿಗೆ ಮಿಣುಕಿ ಗುಂಯ್‌ಗುಟ್ಟಿದವು. ಜನ ತಲೆ ತಗ್ಗಿಸಿ ಓದಿದರು. ಓದಿ ನಮ್ಮನ್ನು ನೋಡಿದರು, ಮತ್ತೆ ಫೋನ್ ನೋಡಿದರು. ಇದೇ ಮುಖ ಇಷ್ಟು ಹೊತ್ತೂ ಅವರ ಎದುರಿಗೇ ಇತ್ತಲ್ಲ!

"ಪೇಜಲ್ಲೇ ಹಾಕಿದಾರೆ" ಎಂದ ಸಲಾಕೆಯವನು. "ಹಾಗಾದ್ರೆ ನಿಜ ಇರ್ಬೇಕು." ಸಲಾಕೆಯನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ. "ಮೊದಲೇ ಹೇಳ್ಬಾರ್ದಿತ್ತೇನ್ರೀ?" ಎಂದು ನನ್ನ ಮೇಲೆಯೇ ರೇಗಿದ. ಹಿಂದಿದ್ದವರು ಕರಗತೊಡಗಿದರು. ಯಾರೋ ಉಪ್ಪುಕಾಗದದ ತುಂಡನ್ನು ಎತ್ತಿ ಚೀಲದ ಮೇಲಿಟ್ಟು ಹೋದರು. ಶೀಶೆಗೆ ಹೆದರಿದ್ದ ಹೆಂಗಸು ಮಾತ್ರ ಹತ್ತಿರ ಬಂದಳು. ಏನೋ ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. "ಆ ಕ್ಯಾಮೆರಾ ಯಾವಾಗ ಬರತ್ತೆ?" ಎಂದು ಕೇಳಿದಳು. "ನಮ್ಮನೆಯವ್ರು ಊರಲ್ಲಿರಲ್ಲ, ನಾನೂ ಮಗೂನೂ ಇಬ್ರೇ. ನಂಗೆ ತುಂಬ ಭಯ ಆಗತ್ತೆ." ಅವಳ ಕಣ್ಣಲ್ಲಿ ನೀರಿತ್ತು.

ವೈದ್ಯರು ಹುಬ್ಬಿಗೆ ಹೊಲಿಗೆ ಹಾಕಿದರು. ಯಾರೋ ಬೂಟಿನಿಂದ ತುಳಿದಿದ್ದ ಬೆರಳುಗಳಿಗೆ ಪಟ್ಟಿ ಕಟ್ಟಿದರು. ಮನೆಗೆ ಬಂದು ಹಾಸಿಗೆಯ ಮೇಲೆ ಕೂತ ಮೇಲೆ ಅಪ್ಪ ತಾನಾಗಿ ಕಿವಿಯ ಯಂತ್ರ ಹಾಕಿಕೊಂಡ. "ಪುಟ್ಟಿ, ಅವ್ರೆಲ್ಲ ಏನೋ ಕೇಳ್ತಿದ್ರಲ್ಲ. ಏನು ಕೇಳ್ತಿದ್ರು?"

"ನೀನು ಯಾರು ಅಂತ ಕೇಳ್ತಿದ್ರಪ್ಪ."

"ಅಷ್ಟೇನಾ?" ಪಟ್ಟಿ ಕಟ್ಟಿದ ಬೆರಳುಗಳನ್ನು ನೋಡಿಕೊಂಡ. "ಹೇಳ್ತಿದ್ನಲ್ಲ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಪ್ಪ ಯಂತ್ರವನ್ನು ಕಿವಿಯಿಂದ ತೆಗೆದು ದಿಂಬಿನ ಕೆಳಗಿಟ್ಟ. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ಮಾರನೆಯ ದಿನ ಯಜಮಾನರು ಕರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಎದ್ದು ನಿಂತು ಕುರ್ಚಿ ತೋರಿಸಿದರು. "ತಂದೆಯವರು ಹೇಗಿದಾರಮ್ಮ?" ಎಂದು ಮನಸ್ಸಿಟ್ಟೇ ಕೇಳಿದರು, ಆಸ್ಪತ್ರೆಯ ಖರ್ಚು ನನಗೆ ಬಿಡು ಎಂದರು. ಆಮೇಲೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ರಕ್ತ ಮೆತ್ತಿದ ನನ್ನ, ಅಪ್ಪನ ಫೋಟೋ ಎಲ್ಲಕ್ಕಿಂತ ಮೇಲೆ ಹಸಿರಾಗಿ ಕೂತಿತ್ತು. ಅದರ ಕೆಳಗೆ ಕ್ಯಾಮೆರಾ ಎಲ್ಲಿ ಸಿಗುತ್ತದೆ ಎಂದು ಕೇಳಿದವರ ಸಾಲು ಮುಗಿಯುವ ಹಾಗೇ ಇರಲಿಲ್ಲ. "ಅಚ್ಚು ಹಾಕ್ಸೋಕೆ ಹೇಳಿದೀನಿ" ಎಂದರು ಮೆತ್ತಗೆ. ನಾನು ನನ್ನ ಮೇಜಿಗೆ ಹೋಗಿ ಪೇಜನ್ನು ಅಳಿಸಿದೆ. ಕೆಲಸ ಬಿಡುತ್ತೇನೆಂದು ಬರೆದಿಟ್ಟು ಹೊರಬಂದೆ. ಅದರಿಂದ ಏನೂ ಅಳಿಯಲಿಲ್ಲ. ಬಸ್ಸಿನಲ್ಲಿ ನನ್ನ ಮುಂದೆ ಕೂತಿದ್ದವನ ಫೋನಿನಲ್ಲಿ ಅಪ್ಪ ಬಾಗಿಲಿಗೆ ಕೈಯೊತ್ತಿ ನಿಂತಿದ್ದ. ಯಾವುದೋ ಬೇರೆ ಊರಿನ ಗ್ರೂಪು, ಬೇರೆ ಬೀದಿಯ ಹೆಸರು. 'ಸಿಕ್ಕರೆ ಬಿಡಬೇಡಿ' ಮಾತ್ರ ಹಾಗೇ ಇತ್ತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಹಗಲು ಹೊತ್ತು ನಮ್ಮ ಮನೆಗೆ ಅಗುಳಿ ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ತಟ್ಟಿದೆ. ಉತ್ತರವಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಔಷಧಿ ಅಂಗಡೀಲಿದೀನಿ ಕಣೇ, ಅಪ್ಪ ಒಳಗೇ ಇದಾರೆ, ನೋಡು" ಎಂದಳು.

"ಅಪ್ಪಾ, ನಾನು" ಎಂದು ಕೂಗಿ ಜೋರಾಗಿ ತಟ್ಟಿದೆ. ಬಾಗಿಲು ಒಂದು ಎಳೆಯಷ್ಟು ಒಳಕ್ಕೆ ಹೋಗಿ, ಮರುಕ್ಷಣ ಯಾರೋ ತಳ್ಳಿದಂತೆ ಗಟ್ಟಿಯಾಗಿ ಚೌಕಟ್ಟಿಗೆ ಕೂತಿತು. ಬಗ್ಗಿ ನೋಡಿದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅಪ್ಪನ ಎರಡು ಪಾದಗಳು ಕಂಡವು. ಬೆರಳುಗಳನ್ನು ನೆಲಕ್ಕೆ ಊರಿ, ಮೈಯ ಭಾರವನ್ನೆಲ್ಲ ಮುಂದಕ್ಕೆ ಬಿಟ್ಟು ನಿಂತಿದ್ದ. ಪಟ್ಟಿ ಕಟ್ಟಿದ ಕೈಯನ್ನೂ ಬಾಗಿಲಿಗೆ ಒತ್ತಿದ್ದನೋ ಏನೋ, ನೋವಿನಿಂದ ನರಳುವುದು ಕೇಳಿಸಿತು. ನನ್ನ ದನಿ ಅವನಿಗೆ ಕೇಳುವುದಿಲ್ಲ. ನನ್ನ ಏಟು ಮಾತ್ರ ಮರದಿಂದ ಅವನ ಅಂಗೈಗೆ ಹೋಗುತ್ತಿತ್ತು.

"ಅಪ್ಪಾ, ನಾನಪ್ಪ, ಪುಟ್ಟಿ!" ಅಳುತ್ತ ಇನ್ನೂ ಜೋರಾಗಿ ಬಡಿದೆ. ನಾನು ಬಡಿದಷ್ಟೂ ಆ ಪಾದಗಳು ನೆಲಕ್ಕೆ ಇನ್ನಷ್ಟು ಒತ್ತಿಕೊಂಡವು, ನಡುಗತೊಡಗಿದವು.

ಬಡಿಯುವುದನ್ನು ನಿಲ್ಲಿಸಿದೆ. ಅಮ್ಮ ಬರಲಿ ಎಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಅಪ್ಪ ನನ್ನನ್ನು ತಡೆದು ಹಿಡಿದುಕೊಂಡೇ ನಿಂತಿದ್ದ.